ತಕ್ಕಡಿಯ ಮೇಲಿನ ಮಗು

ಬೇಕರಿಯ ಒಲೆಯ ಬಾಗಿಲು ತೆರೆಯಿತೆಂದರೆ ಆ ಬೀದಿಗೆ ಬೆಳಗಾಯಿತೆಂದೇ ಲೆಕ್ಕ. ಬಿಸಿ ಬ್ರೆಡ್ಡಿನ ವಾಸನೆ ಹಿಡಿದು ಒಬ್ಬೊಬ್ಬರೇ ಬರುತ್ತಿದ್ದರು. ಬಂದವರು ಗಾಜಿನ ಕಪಾಟಿನತ್ತ ನೋಡುವ ಮೊದಲು ಅದರ ಪಕ್ಕದ ಸ್ಟೂಲಿನ ಮೇಲೆ ಕೂತ ಮಗುವಿನ ಕೆನ್ನೆ ಹಿಂಡುತ್ತಿದ್ದರು. ಎರಡು ತುಂಬಿ ಮೂರಕ್ಕೆ ನಡೆಯುತ್ತಿದ್ದ ಗಂಡುಮಗು. ಉಬ್ಬಿದ ಕೆನ್ನೆ, ಮೆತ್ತನೆಯ ಮೈ, ಈಗ ತಾನೇ ಒಲೆಯಿಂದ ಇಳಿಸಿದ ಹಾಗೆ. ಅದಕ್ಕೇ ಬೀದಿಯವರೆಲ್ಲ ಅವನನ್ನು ಬನ್ನು ಎಂದು ಕರೆಯುತ್ತಿದ್ದರು.

ಗಲ್ಲಾದಲ್ಲಿ ಅವನ ಅಜ್ಜಿ ಕೂರುತ್ತಿದ್ದರು. ಭಾನುವಾರ ಅಂಗಡಿ ತುಂಬಿದ ಹೊತ್ತು ನೋಡಿ ಅವರು ಮೊಮ್ಮಗನನ್ನು ಎತ್ತಿ, ಹಿಟ್ಟು, ರಸ್ಕು ತೂಗುವ ಅಗಲ ತಟ್ಟೆಯ ತಕ್ಕಡಿಯ ಮೇಲೆ ಕೂರಿಸುವರು. ಮುಳ್ಳು ಓಡಿ ನಿಂತ ಕಡೆ ಬೆರಳಿಟ್ಟು ತೋರಿಸುವರು.

“ನೋಡ್ರಮ್ಮಾ, ಹೋದ ವಾರಕ್ಕಿಂತ ಜಾಸ್ತಿ! ಏನು ತಿನ್ನಿಸ್ತೀರಿ ಅಂತ ಕೇಳ್ತೀರಲ್ಲ, ಇಷ್ಟೇ. ಸೀಸೆ ತುಂಬ ಹಾಲು, ನಮ್ಮನೆ ರಸ್ಕು, ಬನ್ನು. ಸೊಪ್ಪು ಸದೆ ಹಾಕೋಕೆ ಇವನೇನು ಕರುವಾ?”

ಹೆಂಗಸರು ನಗುವರು. ನಕ್ಕವರಲ್ಲಿ ಇಬ್ಬರಾದರೂ ತಮ್ಮ ಮಕ್ಕಳಿಗೆಂದು ರಸ್ಕು ಕಟ್ಟಿಸಿಕೊಂಡೇ ಹೋಗುವರು.

ಮಗುವಿನ ತಾಯಿ ಒಳಗಡೆ ಹಿಟ್ಟು ಜರಡಿ ಹಿಡಿಯುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಓದು ಅರ್ಧಕ್ಕೆ ನಿಲ್ಲಿಸಿ ಈ ಮನೆಗೆ ಸೊಸೆಯಾಗಿ ಬಂದವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ಅವಳ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಬಾಗಿಲ ಪರದೆಯ ಸಂದಿಯಿಂದ ಅವಳು ಮಗನನ್ನೇ ನೋಡುತ್ತಿದ್ದಳು.

ಬನ್ನು ಕುಣಿಯುತ್ತಿದ್ದ. ಕಪಾಟಿನ ಅಂಚು ಹಿಡಿದು, ತುದಿಗಾಲಲ್ಲಿ ನಿಂತು, ತೊಡೆಗೆ ತೊಡೆ ಬಿಗಿದು ಮೈಯನ್ನು ಹಿಂದೆ ಮುಂದೆ ಆಡಿಸುತ್ತಿದ್ದ. ಮುಖ ಟೊಮೇಟೊ ಆಗುತ್ತಿತ್ತು. “ಲೇ, ರೇಡಿಯೋ ಜೋರು ಮಾಡ್ರೋ, ಬನ್ನು ಕುಣೀತಾನೆ!” ಎಂದು ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು. ಅಜ್ಜಿಗೆ ಹಿಗ್ಗೋ ಹಿಗ್ಗು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ರೇಡಿಯೋ ನಿಂತಿತು. ಬನ್ನು ಮಾತ್ರ ಹಿಟ್ಟಿನ ಮೂಟೆಗಳ ಹಿಂದೆ ಹೋಗಿ, ಯಾರೂ ನೋಡದ ಕಡೆ, ಗೋಡೆ ಹಿಡಿದು ಕುಣಿಯುತ್ತಲೇ ಇದ್ದ. ಹಣೆಯಲ್ಲಿ ಬೆವರು. ತಾಯಿ ಬಗ್ಗಿ ಕೇಳಿದಳು, “ಏನೋ ಪುಟ್ಟಾ?”

“ಕಕ್ಕ ಬೇಡ,” ಎಂದಿತು ಮಗು. “ಕಕ್ಕ ಬೇಡಮ್ಮಾ.”

ಏಕೆ ಬೇಡ ಎನ್ನುತ್ತಿದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೂ ಯಾರಿಗೂ ಅದು ದೊಡ್ಡದಾಗಿ ಕಂಡಿರಲಿಲ್ಲ. ಮಗು ಹೊರಗೆ ಹೋಗದೆ ದಿನಗಳು ಕಳೆದರೆ ಅತ್ತೆ ಬಚ್ಚಲಿನಲ್ಲಿ ಸಾಬೂನಿನ ಒಂದು ಚೂರು ಕತ್ತರಿಸಿ ಬೆರಳ ತುದಿಯಷ್ಟು ಚೂಪು ಮಾಡಿ ಮಗುವಿನ ಗುದದೊಳಗೆ ಇಡುತ್ತಿದ್ದರು. ಕಾಲು ಹಿಡಿಯುವುದು ಸೊಸೆಯ ಕೆಲಸ. ಮಗುವಿನ ಕಿರುಚಾಟಕ್ಕೆ ಒಲೆಯ ಮುಂದಿದ್ದ ಗಂಡ ಸಹ ಒಮ್ಮೊಮ್ಮೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕೊನೆಗೆ ಬೀಳುವುದು ಕಲ್ಲಿನಂಥ ಉಂಡೆ, ಅದರ ಮೇಲೆ ದಾರದಷ್ಟು ತೆಳ್ಳಗೆ ರಕ್ತ.

“ರಕ್ತ ಬರ್ತಿದೆ ಅತ್ತೆ,” ಎಂದು ಅವಳು ಒಮ್ಮೆ ಹೇಳಿದ್ದಳು.

“ಬರುತ್ತೆ, ಹೋಗುತ್ತೆ. ನಿನ್ನ ಗಂಡಂಗೂ ಇಟ್ಟಿದ್ದೆ ಸಾಬೂನು. ಸತ್ತೋದ್ನಾ? ನಿನ್ನನ್ನ ಕಟ್ಕೊಂಡು ಸಂಸಾರ ಮಾಡ್ತಿಲ್ವಾ?”

ಅವಳು ಚಡ್ಡಿ ಒಗೆದು ಹಾಕಿದಳು.

ಆಮೇಲೆ ಇನ್ನೊಂದು ಶುರುವಾಯಿತು. ಬನ್ನುವಿನ ಚಡ್ಡಿಯಲ್ಲಿ ನೀರುನೀರಾಗಿ ಕಲೆ ಕಾಣತೊಡಗಿತು. ಸ್ಟೂಲಿನ ಮೇಲೆ ಕೂತಿದ್ದಂತೆಯೇ ಸೋರುತ್ತಿತ್ತು, ಮಗುವಿಗೆ ಗೊತ್ತೇ ಆಗುತ್ತಿರಲಿಲ್ಲ. ಗಿರಾಕಿಗಳು ಮೂಗು ಸಿಂಡರಿಸಿದರು. ಅಂಗಡಿಯ ಮಾನ ಹೋಯಿತೆಂದು ಅತ್ತೆ ತೊಡೆಯ ಮೇಲೆ ಛಟೀರೆಂದು ಎರಡು ಕೊಟ್ಟರು.

“ಭೇದಿ,” ಎಂದರು ಅತ್ತೆ. ಅವರ ಮುಖ ಬಿಳಿಚಿಕೊಂಡಿತ್ತು. “ಇವತ್ತಿಂದ ಹಣ್ಣು ಬಂದ್. ನೀರು ಬಂದ್. ಸಾರು ಗೀರು ಏನೂ ಬೇಡ. ಹಾಲಲ್ಲಿ ರಸ್ಕು ನೆನೆಸಿ ಕೊಡು, ಹೊಟ್ಟೆ ಕಟ್ಟುತ್ತೆ.”

“ಅತ್ತೆ, ಮೊನ್ನೆ ತನಕ ಹೋಗ್ತಾನೇ ಇರ್ಲಿಲ್ಲ. ಇದ್ದಕ್ಕಿದ್ದ ಹಾಗೆ...”

“ನಂಗೆ ಭೇದಿ ಏನು ಅಂತ ಹೇಳ್ಕೊಡ್ತೀಯಾ?” ಅತ್ತೆಯ ದನಿ ಒಡೆಯಿತು. “ನನ್ನ ಮೊದಲನೇ ಮಗಳು ಭೇದಿ ಆಗಿಯೇ ಹೋದಳು. ಬೆಳಗ್ಗೆ ಆಡ್ತಿದ್ದ ಕೂಸು ಸಂಜೆಗೆ ಒಣಗಿದ ಸೊಪ್ಪಿನ ಥರ ಮಲಗಿತ್ತು. ಇವನ ಅಪ್ಪ ಬದುಕಿದ್ದು ರಸ್ಕಿಂದ. ಗೊತ್ತಿಲ್ದೋರು ಬಾಯಿ ಮುಚ್ಕೊಂಡಿರ್ಬೇಕು.”

ಗಂಡ ಒಲೆಯಿಂದ ಮುಖ ತಿರುಗಿಸದೆ ಹೇಳಿದ, “ಅಮ್ಮ ಮಕ್ಕಳನ್ನ ಸಾಕಿದೋಳು. ನೀನು ನಿನ್ನೆ ಮೊನ್ನೆ ಹೆತ್ತೋಳು. ಸುಮ್ನಿರು.”

ಅವಳು ಸುಮ್ಮನಾದಳು. ಓದುಗರೇ, ಎಷ್ಟು ಮನೆಗಳಲ್ಲಿ ಹೀಗೆ ಸುಮ್ಮನಾಗುವ ತಾಯಂದಿರಿದ್ದಾರೆ! ದೊಡ್ಡವರ ಭಯವೂ ಪ್ರೀತಿಯೇ ಎಂದು ಅವಳಿಗೆ ಗೊತ್ತಿತ್ತು. ಆ ಪ್ರೀತಿಯೇ ಹಾಲಿನ ಸೀಸೆಯಾಗಿ ಮಗುವಿನ ಬಾಯಿಗೆ ಬರುತ್ತಿತ್ತು. ಅತ್ತರೆ ಹಾಲು, ಆಕಳಿಸಿದರೆ ಹಾಲು, ಅಂಗಡಿಯಲ್ಲಿ ಜನ ಹೆಚ್ಚಾದರೆ ಸುಮ್ಮನಿರಲೆಂದು ಹಾಲು. ಹೊಟ್ಟೆಯಲ್ಲಿ ಬೇರೆ ಯಾವುದಕ್ಕೂ ಜಾಗವೇ ಉಳಿಯುತ್ತಿರಲಿಲ್ಲ.

ಸೋರುವುದು ನಿಲ್ಲಲಿಲ್ಲ. ಸೋರಿದಷ್ಟೂ ರಸ್ಕು ಹೆಚ್ಚಾಯಿತು. ಬನ್ನು ಆಟ ಬಿಟ್ಟ. ತುತ್ತು ಕಂಡರೆ ಮುಖ ತಿರುಗಿಸಿದ. ಸ್ನಾನ ಮಾಡಿಸುವಾಗ ಒಂದು ದಿನ ಅವಳ ಅಂಗೈ ಅವನ ಹೊಟ್ಟೆಯ ಎಡಗಡೆ ತಾಗಿತು. ನೀರು ಕಾಣದೆ ಗಟ್ಟಿಯಾಗಿ ಹೋದ ಹಿಟ್ಟಿನ ಮುದ್ದೆ ಕೈಗೆ ಸಿಕ್ಕಂತಾಯಿತು. ಒತ್ತಿದರೆ ಮಗು ಚೀರಿತು.

ಭಾನುವಾರ ಬಂತು. ಅಂಗಡಿ ತುಂಬಿತ್ತು. ಮಗು ಸೊರಗಿದೆ ಎಂದು ಯಾರೋ ಅಂದದ್ದು ಅತ್ತೆಯ ಕಿವಿಗೆ ಬಿದ್ದಿತ್ತು. ಅವರು ಬೇಕೆಂದೇ ಬನ್ನುವನ್ನು ಎತ್ತಿ ತಕ್ಕಡಿಯ ಮೇಲೆ ಕೂರಿಸಿದರು. ಮುಳ್ಳು ಹೋದ ವಾರದ ಗೆರೆ ದಾಟಿ ನಿಂತಿತು.

“ಸೊರಗಿದ್ದಾನಂತೆ! ಕಣ್ಣು ಬಿಟ್ಟು ನೋಡಿ, ಎಷ್ಟು...”

ಮಾತು ಮುಗಿಯಲಿಲ್ಲ. ಬನ್ನು ತಟ್ಟೆಯ ಮೇಲೆಯೇ ಕುಡಿದ ಹಾಲನ್ನೆಲ್ಲ ಕಕ್ಕಿದ. ಕಕ್ಕಿ, ಕತ್ತು ವಾಲಿಸಿ, ಅಜ್ಜಿಯ ತೋಳಿಗೆ ಒರಗಿದ.

ಪರದೆ ಸರಿಸಿಕೊಂಡು ಸೊಸೆ ಹೊರಗೆ ಬಂದಳು. ಕೈಯೆಲ್ಲ ಹಿಟ್ಟು. ಅದೇ ಕೈಯಲ್ಲಿ ಮಗುವನ್ನು ಎತ್ತಿಕೊಂಡಳು. ಗಂಡ ಎದುರು ಬಂದು, “ಎಲ್ಲಿಗೆ?” ಎಂದ.

“ಡಾಕ್ಟರ ಹತ್ರ. ಬರೋದಿದ್ರೆ ಬನ್ನಿ. ಇಲ್ಲಾಂದ್ರೆ ದಾರಿ ಬಿಡಿ.”

ಅವನು ದಾರಿ ಬಿಟ್ಟ. ಅತ್ತೆ ಗಲ್ಲಾದ ಬೀಗದಕೈಯನ್ನು ಅವನತ್ತ ಎಸೆದು ಸೊಸೆಯ ಹಿಂದೆಯೇ ಓಡುನಡಿಗೆಯಲ್ಲಿ ಬಂದರು.

ಮಕ್ಕಳ ಡಾಕ್ಟರಮ್ಮ ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿ. ಅತ್ತೆ ಹೇಳಿದ್ದನ್ನು ಪೂರ್ತಿ ಕೇಳಿ, ಮಗುವಿನ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು.

“ಇದು ಭೇದಿ ಅಲ್ಲಮ್ಮ. ಮಲಬದ್ಧತೆ.”

“ಸೋರ್ತಿದೆ ಅಂತ ಹೇಳ್ತಿದೀನಲ್ಲ ತಾಯಿ!”

“ಬೇಕರಿ ಇಟ್ಕೊಂಡಿದೀರಿ. ನಿಮ್ಮ ಮೋರೀಲಿ ಹಿಟ್ಟು ಸಿಕ್ಕಿಕೊಂಡ್ರೆ ಏನಾಗುತ್ತೆ?”

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಸಣ್ಣ ದನಿಯಲ್ಲಿ, “ಗಟ್ಟಿ ಹಾಗೇ ನಿಲ್ಲುತ್ತೆ. ನೀರು ಪಕ್ಕದಿಂದ ಜಿನುಗುತ್ತೆ,” ಎಂದಳು.

“ಜಿನುಗ್ತಿದೆ ಅಂತ ಮೇಲಿಂದ ಇನ್ನಷ್ಟು ಹಿಟ್ಟು ಸುರೀತೀರಾ?”

ಇಷ್ಟು ದಿನ ಸೊಸೆ ತನ್ನ ಕೈಯಾರೆ ಸುರಿದದ್ದು ಅದನ್ನೇ.

“ಹೊಟ್ಟೆ ತುಂಬ ಹಳೇ ಮಲ,” ಎಂದರು ಡಾಕ್ಟರಮ್ಮ. “ಒಂದು ಸಲ ನೋವಾಯ್ತು, ಮಗು ಹೆದರಿ ಹಿಡ್ಕೊಂಡಿತು. ಹಿಡ್ಕೊಂಡಷ್ಟೂ ಗಟ್ಟಿಯಾಯ್ತು, ಮತ್ತೆ ನೋವು. ಅದರ ಮೇಲೆ ನಿಮ್ಮ ಸಾಬೂನು. ತುದಿಗಾಲಲ್ಲಿ ನಿಂತು, ಕಾಲು ಬಿಗಿದು, ಮುಖ ಕೆಂಪು ಮಾಡ್ಕೋತಿತ್ತಾ?”

“ಅದು ಕುಣಿಯೋದು,” ಎಂದರು ಅತ್ತೆ. “ರೇಡಿಯೋ ಹಾಕಿದ್ರೆ...”

“ಕುಣಿಯೋದಲ್ಲಮ್ಮ. ಬರದೇ ಇರ್ಲಿ ಅಂತ ತಡೆಯೋದು.”

ಸೋಲು ಒಪ್ಪಿಕೊಳ್ಳುವ ಜೀವವಲ್ಲ ಅತ್ತೆಯದು. “ತೂಕ ಇದೆಯಲ್ಲ ಮಗು? ಇಲ್ಲೇ ತಕ್ಕಡಿ ತನ್ನಿ, ಏರಿಸಿ ನೋಡಿ.”

“ತಕ್ಕಡಿಗೆ ಒಳಗಿರೋದು ಆರೋಗ್ಯವೋ ಕಸವೋ ಅಂತ ಗೊತ್ತಾಗುತ್ತಾ?”

ಆಮೇಲೆ ಡಾಕ್ಟರಮ್ಮ ಸೊಸೆಯ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಮೊದಲು ಔಷಧಿ ಕೊಟ್ಟು ಹೊಟ್ಟೆ ಖಾಲಿ ಮಾಡಿಸಬೇಕು; ಆಮೇಲೂ ಮಲ ಮೆತ್ತಗಿರುವ ಔಷಧಿಯನ್ನು ತಿಂಗಳುಗಟ್ಟಲೆ ಕೊಡಬೇಕು, ಸರಿಹೋಯಿತೆಂದು ನಡುವೆ ಬಿಡಬಾರದು. ಹಾಲು ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಅದೂ ಸೀಸೆಯಲ್ಲಿ ಬೇಡ. ಬಾಯಾರಿಕೆಗೆ ನೀರು. ಪಪ್ಪಾಯಿ, ಸೀಬೆ, ಬೇಯಿಸಿದ ತರಕಾರಿ, ಕಾಳು, ಜರಡಿ ಹಿಡಿಯದ ಗೋಧಿ. ಊಟವಾದ ಮೇಲೆ ಮಕ್ಕಳು ಕಕ್ಕಕ್ಕೆ ಕೂರುವ ಪಾಟಿಯ ಮೇಲೆ ಸ್ವಲ್ಪ ಹೊತ್ತು ಕೂರಿಸುವುದು, ಕಾಲಿಗೆ ಆಸರೆ ಇಡುವುದು. ಬಂದರೂ ಸರಿ, ಬಾರದಿದ್ದರೂ ಸರಿ. “ಬಯ್ಯೋದಿಲ್ಲ, ಹೊಡೆಯೋದಿಲ್ಲ. ಸೋರೋದು ಅದರ ತಪ್ಪಲ್ಲ. ಸಾಬೂನು ಕೈ ತೊಳೆಯೋಕೆ ಮಾತ್ರ.”

ಡಾಕ್ಟರಮ್ಮ ಹೇಳಿದಷ್ಟು ಸಲೀಸಾಗಿ ಏನೂ ನಡೆಯಲಿಲ್ಲ. ಹೊಟ್ಟೆ ಖಾಲಿಯಾಗುವ ದಿನಗಳು ನರಕವೇ. ಪಾಟಿ ಕಂಡರೆ ಮಗು ಅವಳ ಕುತ್ತಿಗೆಗೆ ಜೋತುಬೀಳುತ್ತಿತ್ತು. ಸೀಸೆ ಕೊಡದಿದ್ದುದಕ್ಕೆ ಅತ್ತು ಅತ್ತು ದನಿ ಕಟ್ಟಿತು. ಪಪ್ಪಾಯಿಯನ್ನು ಗೋಡೆಗೆ ಎರಚಿತು. “ಹಾಲಿಲ್ಲದೆ ಕೂಸನ್ನ ಕೊಲ್ತಾಳೆ ಇವಳು,” ಎಂದು ಅತ್ತೆ ಗಲ್ಲಾದಲ್ಲಿ ಕೂತು ಗೋಡೆಗೆ ಹೇಳಿಕೊಳ್ಳುವರು. ಒಮ್ಮೆ ಸೆರಗಿನ ಮರೆಯಲ್ಲಿ ಸೀಸೆ ತಂದು ಸಿಕ್ಕಿಬಿದ್ದರು. ಅವಳು ಜಗಳವಾಡಲಿಲ್ಲ, ಸೀಸೆ ತೆಗೆದುಕೊಂಡು ಹಾಲನ್ನು ಲೋಟಕ್ಕೆ ಬಗ್ಗಿಸಿ, “ಇದು ಸಂಜೆಗೆ,” ಎಂದು ಮುಚ್ಚಿಟ್ಟಳು.

ಜರಡಿಯಲ್ಲಿ ಉಳಿಯುತ್ತಿದ್ದ ಗೋಧಿ ತೌಡು ಹಿಂದಿನ ಬೀದಿಯ ಹಸುವಿಗೆ ಹೋಗುತ್ತಿತ್ತು. ಒಂದು ಬೆಳಗ್ಗೆ ಅವಳು ಒಂದು ಪಾಲು ಹಿಟ್ಟನ್ನು ಜರಡಿ ಹಿಡಿಯದೆ ಹಾಗೇ ಕಲಸಿದಳು. ಕಂದು ಬಣ್ಣದ ಪುಟ್ಟ ಬ್ರೆಡ್ಡು ಒಲೆಯಿಂದ ಹೊರಬಂದಾಗ ಗಂಡ ಹುಬ್ಬೇರಿಸಿ ನೋಡಿ, ತುದಿ ಮುರಿದು ಬಾಯಿಗೆ ಹಾಕಿಕೊಂಡ.

“ಹಸುಗೆ ಇಷ್ಟು ದಿನ ನಮಗಿಂತ ಒಳ್ಳೇ ಊಟ ಹಾಕ್ತಿದ್ವಿ,” ಎಂದ. ಅವನು ತಪ್ಪೊಪ್ಪಿಕೊಳ್ಳುವ ರೀತಿ ಅದು. ಆ ಸಂಜೆ ಅವನೇ ರಸ್ಕಿನ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ, ಪಾಟಿಯ ಮುಂದೆ ಮಗುವಿನ ಕಾಲಿಗೆ ಆಸರೆ ಮಾಡಿಕೊಟ್ಟ.

ಬನ್ನುವಿನ ಮೈ ಇಳಿಯಿತು. ಕೆನ್ನೆ ಒಂದಿಷ್ಟು ಒಳಗೆ ಹೋಯಿತು. ಅಂಗಡಿಗೆ ಬಂದವರು, “ಅಯ್ಯೋ, ಏನಾಯ್ತು ಮಗುಗೆ?” ಎಂದು ಕೇಳಿದಾಗಲೆಲ್ಲ ಅತ್ತೆಯ ಮುಖ ಸಪ್ಪಗಾಗುತ್ತಿತ್ತು. ತಕ್ಕಡಿಯ ಮೇಲೆ ಅವರು ಮತ್ತೆ ಅವನನ್ನು ಕೂರಿಸಲಿಲ್ಲ. ಸೊಸೆಯೊಂದಿಗೆ ಮಾತೂ ಆಡಲಿಲ್ಲ. ಬನ್ನು ಈಗ ಆಡುತ್ತಿದ್ದ, ಓಡುತ್ತಿದ್ದ. ಆದರೂ ಸಾಬೂನು ಕಂಡರೆ ಇನ್ನೂ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಅದನ್ನು ನೋಡಿದ ದಿನ ಅತ್ತೆ ಊಟ ಬಿಟ್ಟೆದ್ದರು.

ಹೀಗಿರುವಾಗ ಒಂದು ಭಾನುವಾರ ಪಕ್ಕದ ಓಣಿಯ ಟೈಲರ್ ಹೆಂಗಸು ಬಂದಳು. ಸೆರಗು ಹಿಡಿದು ಅವಳ ಪುಟ್ಟ ಮಗಳು. ಜನ ಹೆಚ್ಚಿದ್ದರಿಂದ ತಕ್ಕಡಿಯ ಮುಂದೆ ಸೊಸೆ ನಿಂತಿದ್ದಳು.

“ಬೇಗ ಅರ್ಧ ಕೆಜಿ ರಸ್ಕು ಕೊಡಮ್ಮ. ಇವಳಿಗೆ ಭೇದಿ. ಮೊದಲು ಹೋಗ್ತಾನೇ ಇರ್ಲಿಲ್ಲ, ಈಗ ನೋಡಿದ್ರೆ ಗೊತ್ತಿಲ್ದೆ ಚಡ್ಡೀಲೇ ಸೋರ್ತಿದೆ. ನಿಮ್ಮ ರಸ್ಕಿಗೆ ಕಟ್ಟುತ್ತೆ ಅಂತ ನಿಮ್ಮತ್ತೇನೇ ಹೇಳಿದ್ರಲ್ಲ.”

ರಸ್ಕು ತಟ್ಟೆಗೆ ಬಿದ್ದಾಗಿತ್ತು. ಸೊಸೆಯ ಕೈ ಅಲ್ಲೇ ನಿಂತಿತು. ಸುತ್ತ ಜನ. ನಾಲಿಗೆ ಅಂಗುಳಕ್ಕೆ ಅಂಟಿತು. ಅದನ್ನು ಬಿಡಿಸಿಕೊಳ್ಳಲು ಅವಳಿಗೆ ಒಂದು ಗುಟುಕು ಉಗುಳು ನುಂಗಬೇಕಾಯಿತು.

“ರಸ್ಕು ಕೊಡಲ್ಲ, ಅಕ್ಕ.”

“ಅಂದ್ರೆ?”

“ಇದು ಭೇದಿ ಇರಲಿಕ್ಕಿಲ್ಲ. ನನ್ನ ಮಗನಿಗೂ ಹೀಗೇ ಆಗಿತ್ತು. ಭೇದಿಯೇ ಆಗಿದ್ರೂ ನೀರು ನಿಲ್ಲಿಸಬಾರದು. ಮೊದಲು ಡಾಕ್ಟರಿಗೆ ತೋರಿಸಿ.”

ಟೈಲರ್ ಹೆಂಗಸು ಗಲಿಬಿಲಿಯಾಗಿ ಗಲ್ಲಾದ ಕಡೆ ನೋಡಿದಳು. ಅತ್ತೆಯ ಮುಖ ಕೆಂಡವಾಗಿತ್ತು.

“ಬಾಗಿಲಿಗೆ ಬಂದ ಗಿರಾಕೀನ ಬರಿಗೈಲಿ ಕಳಿಸ್ತಾಳೆ! ನನ್ನ ಅಂಗಡೀಲಿ ನನ್ನ ಮಾತಿಗೇ ಬೆಲೆ ಇಲ್ವಾ? ಸರಿ ಆ ಕಡೆ.”

ಸೊಸೆ ಸರಿಯಲಿಲ್ಲ. ಎರಡು ಅಂಗೈಗಳನ್ನೂ ತಟ್ಟೆಯ ಅಂಚಿನ ಮೇಲಿಟ್ಟು ನಿಂತಳು. ಅತ್ತೆ ಎದ್ದು ಬಂದು ಅವಳ ಕೈ ದಾಟಿ ರಸ್ಕಿಗೆ ಕೈ ಹಾಕಿದರು.

ಅಷ್ಟರಲ್ಲಿ ಆ ಪುಟ್ಟ ಹುಡುಗಿ ಅಮ್ಮನ ಸೆರಗು ಬಿಟ್ಟು ಕಪಾಟಿನ ಅಂಚು ಹಿಡಿದಳು. ತುದಿಗಾಲಲ್ಲಿ ನಿಂತಳು. ಕಾಲಿಗೆ ಕಾಲು ಬಿಗಿದು ಮೈ ಆಡಿಸತೊಡಗಿದಳು. ಮುಖ ಕೆಂಪಗೆ ಕೆಂಪಗೆ ಆಗುತ್ತ ಬಂತು.

“ಓಹೋ, ಬನ್ನುಗೆ ಜೋಡಿ ಸಿಕ್ಕಿತು!” ಎಂದು ಬ್ರೆಡ್ಡು ಕೊಳ್ಳಲು ಬಂದವನೊಬ್ಬ ನಕ್ಕ. “ನೋಡ್ರೋ, ಇವಳೂ ಕುಣೀತಾಳೆ!”

ಅತ್ತೆಯ ಕೈ ರಸ್ಕಿನ ಮೇಲೆಯೇ ಉಳಿಯಿತು. ಅವರು ಆ ಮಗುವನ್ನೇ ನೋಡುತ್ತಿದ್ದರು. ಮೆಲ್ಲಗೆ ತಟ್ಟೆ ಎತ್ತಿ ರಸ್ಕನ್ನೆಲ್ಲ ಡಬ್ಬಕ್ಕೆ ವಾಪಸು ಸುರಿದು ಮುಚ್ಚಳ ಒತ್ತಿದರು.

“ನಗಬೇಡಪ್ಪ,” ಎಂದರು. “ಅದು ಕುಣಿತ ಅಲ್ಲ.”

ನಂತರ ಸೊಸೆಯ ಮುಖ ನೋಡದೆಯೇ, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಸಿಟ್ಟಿಲ್ಲದೆ ಮಾತಾಡಿದರು. “ಏ ಹುಡುಗಿ, ಕೈ ತೊಳ್ಕೊ. ಆ ಡಾಕ್ಟರಮ್ಮನ ಹತ್ರ ಇವರನ್ನ ನೀನೇ ಕರ್ಕೊಂಡು ಹೋಗು. ಇಲ್ಲಿ ನಾನು ನೋಡ್ಕೋತೀನಿ.”