ಜ್ವರದ ಹಾಸಿಗೆಯ ಸೊಪ್ಪು

ಮೊಲದ ಗುಳಿಗೆ ತಿಂಡಿ ಮೂಟೆಗೆ ಸಾವಿರದ ಒಂಬೈನೂರು ರೂಪಾಯಿ. ಹನ್ನೆರಡು ದಿನಕ್ಕೆ ಒಂದು ಮೂಟೆ ಖಾಲಿ. ಮೊಲ ಕೊಳ್ಳಲು ಕೇರಳದ ಬತ್ತೇರಿಯಿಂದ ಬರುವ ವ್ಯಾಪಾರಿ ಕೊಡುವ ದರ ಮಾತ್ರ ಎರಡು ವರ್ಷದಿಂದ ಮೇಲೆದ್ದಿರಲಿಲ್ಲ. ಅದಕ್ಕೇ ಭೀಮನಬೀಡಿನ ಪುಟ್ಟಸಿದ್ದಮ್ಮ ಗುಳಿಗೆ ನಿಲ್ಲಿಸಿ ಹಿಪ್ಪುನೇರಳೆ ಸೊಪ್ಪು ಹಾಕತೊಡಗಿದಳು.

ಸೊಪ್ಪು ಪುಕ್ಕಟೆ. ಪಕ್ಕದ ಮನೆಯ ಗಂಗಾಂಬಿಕೆ ರೇಷ್ಮೆ ಹುಳು ಸಾಕುತ್ತಾಳೆ. ಹುಳು ತಿಂದು ಉಳಿಸಿದ್ದನ್ನು ಆರಿಸಿ ಬೇರೆ ತೆಗೆದಿಡುತ್ತಿದ್ದಳು.

"ಹೊಗೆಸೊಪ್ಪಿನ ವಾಸ್ನೆ ತಾಕುದ್ರೇ ಸಾಯೋ ಹುಳ ಅದು. ಅದು ತಿಂದು ಬದುಕಿರೋ ಸೊಪ್ಪು ಮೊಲಕ್ಕೇನು ಮಾಡಾದು?" ಎಂದು ಪುಟ್ಟಸಿದ್ದಮ್ಮ ಕೇಳಿದರೆ ಊರಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಜೊತೆಗೆ ಒಂದು ಹಿಡಿ ನುಗ್ಗೆಸೊಪ್ಪು, ವಾರಕ್ಕೊಮ್ಮೆ ಬೆಳ್ಳುಳ್ಳಿ ಅರಿಸಿನ ಜಜ್ಜಿದ ಉಂಡೆ. ಮೊಲಗಳ ಮೈ ಮಿರುಗಿತು.

ಗಂಡ ಶಿವಮಲ್ಲು ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. "ಈ ಸಲಾನೂ ಗಿಟ್ನಿಲ್ಲ ಅಂದ್ರೆ ಮೊಲದ ಗೂಡು ಬಿಚ್ಬುಟ್ಟು ನಂಜೊತೆ ಫ್ಯಾಕ್ಟ್ರಿ ವ್ಯಾನ್ ಅತ್ತು ಕಣಮ್ಮಿ. ಪ್ಯಾಕಿಂಗ್‌ಗೆ ಎಂಗುಸ್ರು ಬೇಕಂತೆ," ಎಂದ.

"ದಿನಾ ನಿಂತ್ಕಂಡು ಡಬ್ಬಕ್ಕೆ ಮುಚ್ಚಳ ಆಕಿ ನೀನು ಕಾಲು ಊದುಸ್ಕಂಡಿರಾದೇ ಸಾಕು. ಗುರುವಾರ ವ್ಯಾಪಾರಿ ಬರ್ಲಿ, ಆಮೇಲೆ ಮಾತಾಡು."

ಸೋಮವಾರ ಗಂಗಾಂಬಿಕೆ ಚಾಮರಾಜನಗರಕ್ಕೆ ಹೋಗಿದ್ದಳು, ಸೊಪ್ಪು ಆರಿಸಿಡುವವರಿರಲಿಲ್ಲ. ಅವಳ ಗಂಡ ಸಿದ್ದಮಲ್ಲಪ್ಪ ಹುಳುವಿನ ಹಾಸಿಗೆಯನ್ನು, ಅಂದರೆ ಅದರ ಅಡಿಯಲ್ಲಿ ಉಳಿದ ಸೊಪ್ಪನ್ನು, ತೆಗೆದು ತಿಪ್ಪೆಗೆ ಸುರಿದಿದ್ದ. ಪುಟ್ಟಸಿದ್ದಮ್ಮ ಅಲ್ಲಿಂದಲೇ ಒಂದು ಮಂಕರಿ ತುಂಬಿಕೊಂಡಳು. ಎಲೆಯ ಮೇಲೆ ಬಿಳಿ ಪುಡಿ ಇತ್ತು. ಎರಡು ನೀರಿನಲ್ಲಿ ತೊಳೆದು, ಸೋರಿಸಿ, ಸಂಜೆ ಗೂಡುಗಳಿಗೆ ಹಾಕಿದಳು.

ಬೆಳಗ್ಗೆ ತಾಯಿ ಮೊಲಗಳು ಮುದುಡಿ ಕೂತಿದ್ದವು. ಹೊಟ್ಟೆ ಉಬ್ಬಿ ಬಿಗಿದಿತ್ತು, ಹಲ್ಲು ಕಡಿಯುತ್ತಿದ್ದವು. ಓಮದ ಕಷಾಯ, ಇಂಗಿನ ನೀರು, ತನಗೆ ಗೊತ್ತಿದ್ದುದನ್ನೆಲ್ಲ ಕುಡಿಸಿದಳು. ದನದ ಡಾಕ್ಟರು ಬಂದು ಸೂಜಿ ಹಾಕಿದರು. ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು.

ಗಂಗಾಂಬಿಕೆ ಓಡಿ ಬಂದಳು. "ಯಾವ ಸೊಪ್ಪಮ್ಮಿ ಆಕಿದ್ದು?"

"ನೆನ್ನೆ ತಿಪ್ಪೇಲಿತ್ತಲ್ಲಕ್ಕಾ, ಅದೇ. ತೊಳ್ದೇ ಆಕ್ದೆ."

ಗಂಗಾಂಬಿಕೆ ಗೂಡಿನಲ್ಲಿ ಉಳಿದಿದ್ದ ಎಲೆಯೊಂದನ್ನು ಎತ್ತಿ ನೋಡಿದಳು. "ನೆನ್ನೆ ಹುಳ ಜ್ವರ ಎದ್ದೋ ಕಣಮ್ಮಿ."

ಹುಳು ಪೊರೆ ಬಿಡಲು ಮಲಗುವುದನ್ನು ಜ್ವರ ಎನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ. ಹಾಸಿಗೆ ಒಣಗಲೆಂದು ಸುಣ್ಣ ಎರಚುತ್ತಾರೆ, ಎದ್ದ ಮೇಲೆ ರೋಗ ಬಾರದ ಹಾಗೆ ಔಷಧಿ ಪುಡಿ. ಆಮೇಲೆ ಆ ಹಾಸಿಗೆಯನ್ನು ಎತ್ತಿ ಎಸೆಯುತ್ತಾರೆ.

"ಅದ್ನ ಹುಳ ತಿಂದೇ ಇಲ್ವಲ್ಲೇ."

"ಗೊತ್ತಕ್ಕಾ," ಎಂದಳು ಪುಟ್ಟಸಿದ್ದಮ್ಮ. "ನಮ್ಮವ್ವನೂ ಹುಳ ಸಾಕಿದ್ಳು. ನಾನೇ ಸುಣ್ಣ ಎರಚ್ತಿದ್ದೆ. ಕೈಗೆ ಗೊತ್ತಿತ್ತು, ನೆಪ್ಪಿಗೆ ಬರ್ನಿಲ್ಲ."

ಗುರುವಾರ ವ್ಯಾಪಾರಿ ಬಂದ. ಪುಟ್ಟಸಿದ್ದಮ್ಮನನ್ನು ಅವನು ಮಲಯಾಳದಲ್ಲಿ ಚೇಚಿ, ಅಕ್ಕ, ಎಂದೇ ಕರೆಯುತ್ತಿದ್ದ. "ಎಲ್ಲಿ ಚೇಚಿ, ಎಲ್ಲಾ ಮೇಯಕ್ಕೆ ಬಿಟ್ಯಾ?" ಎಂದು ನಗುತ್ತಲೇ ಒಳಗೆ ಬಂದವನು ಖಾಲಿ ಗೂಡುಗಳನ್ನು ನೋಡಿ ನಗು ನಿಲ್ಲಿಸಿದ. ಟೀ ಕುಡಿಯದೆ ಹೋದ.

ಭಾನುವಾರ ಶಿವಮಲ್ಲು ಕೊನೆಯ ಗೂಡೊಂದನ್ನು ಉಳಿಸಿ ಬೇರೆ ಗೂಡುಗಳ ತಂತಿ ಬಿಚ್ಚಿದ. ಸೋಮವಾರ ಇಬ್ಬರೂ ಒಂದೇ ವ್ಯಾನ್ ಹತ್ತಿದರು.

ಉಳಿತಾಯವಾದದ್ದು ಮೂರು ಮೂಟೆ ಗುಳಿಗೆಯ ದುಡ್ಡು. ಹದಿನೆಂಟು ತಾಯಿ ಮೊಲಗಳೂ ಮಾರಲು ಬೆಳೆಸಿದ್ದ ಮೊಲಗಳೂ ಸತ್ತವು. ಕಣ್ಣು ಬಿಡದ ಮರಿಗಳು ಹಾಲಿಲ್ಲದೆ ಸತ್ತವು. ಮಂಕರಿಯ ಸೊಪ್ಪು ಸಾಲದೆ ನುಗ್ಗೆಸೊಪ್ಪಷ್ಟೇ ತಿಂದಿದ್ದ ಕೊನೆಯ ಗೂಡಿನ ಎರಡು ಗಂಡು ಮೊಲ ಮಾತ್ರ ಬದುಕಿವೆ.