ಸಿದ್ದರಾಯ ಕಂಡದ್ದನ್ನೇ ಹೇಳಿದ

ಕಬ್ಬು ಕಡಿದ ಹೊಲದಲ್ಲಿ ಎರಡು ಹಿಂಡು ಒಟ್ಟಿಗೆ ತಂಗಿದರೆ ಕುರಿ ಬೆರಕೆಯಾಗುವುದು ಹೊಸದೇನಲ್ಲ. ಅದಕ್ಕೆಂದೇ ಬೆನ್ನ ಮೇಲೆ ಬಣ್ಣದ ಗುರುತು ಹಾಕುತ್ತಾರೆ. ಮಹಾಗಾಂವದ ಸಿದ್ದರಾಯನದು ಕೆಂಪು, ಅದೇ ಊರಿನ ತಮ್ಮಣ್ಣನದು ಹಸಿರು. ತನ್ನ ಹಳೆಯ ಕುರಿಗಳನ್ನು ಸಿದ್ದರಾಯ ಮುಖ ನೋಡಿಯೇ ಹೇಳುತ್ತಿದ್ದ, ಬಣ್ಣದ ಗೊಡವೆಯೇ ಇರಲಿಲ್ಲ. ಈ ಸಲ ಇಬ್ಬರೂ ಸಂತೆಯಿಂದ ಹೊಸ ಮರಿ ತಂದಿದ್ದರು. ಅವುಗಳ ಮುಖ ಇನ್ನೂ ಪರಿಚಯವಾಗಿರಲಿಲ್ಲ. ತಮ್ಮಣ್ಣನ ಮೂರು ಮರಿ ಸಿದ್ದರಾಯನ ಹಿಂಡಿನಲ್ಲಿ ಸಿಕ್ಕವು.

ತಿರುಗಿ ಕೊಟ್ಟಿದ್ದರೆ ಮುಗಿಯುತ್ತಿತ್ತು. "ಇವು ನನ್ನವ ಅದಾವ" ಎಂದು ಸಿದ್ದರಾಯ ಹಟ ಹಿಡಿದ. ಪಂಚರು ಕುರುಬರ ದೇವರು ಬೀರೋಬಾನ ಗುಡಿಯ ಮುಂದೆ ಕರೆಸಿ, ಭಂಡಾರ ಮುಟ್ಟಿ ಹೇಳು ಎಂದರು. ದೇವರ ಅರಿಸಿನದ ಮೇಲೆ ಕೈಯಿಟ್ಟು, ಎದುರಿಗಿದ್ದ ಮರಿಗಳನ್ನು ನೋಡಿ ಸಿದ್ದರಾಯ ಆಣೆ ಮಾಡಿದ: "ಇದು ನನ್ನ ಕೆಂಪು ಗುರುತ."

ನೆರೆದವರಿಗೆಲ್ಲ ಕಂಡದ್ದು ಹಸಿರು. ಹೆಂಡತಿ ಸಾವಿತ್ರವ್ವನಿಗೂ.

ಕುರಿ ಕದ್ದವನನ್ನು ಊರು ಒಂದು ದಿನ ಮರೆತೀತು. ಭಂಡಾರ ಮುಟ್ಟಿ ಸುಳ್ಳು ಹೇಳಿದವನನ್ನು ಮರೆಯುವುದಿಲ್ಲ. ಅವನ ಹಿಂಡಿನ ಜೊತೆ ಯಾರೂ ಹಿಂಡು ನಿಲ್ಲಿಸಲಿಲ್ಲ. ಒಂಟಿಯಾಗಿ ಕುರಿ ಕಾಯುವುದು ಆಗದ ಮಾತು. ತಿಂಗಳೊಳಗೆ ಹಿಂಡು ಮಾರಿ, ಯಡ್ರಾವದ ಮಗ್ಗದ ಕಾರ್ಖಾನೆಯಲ್ಲಿ ಬಟ್ಟೆಯ ಮೂಟೆ ಹೊರಲು ಹೋದ. ವಾರಕ್ಕೊಮ್ಮೆ ಮನೆಗೆ ಬಂದರೆ ಸಾವಿತ್ರವ್ವ ರೊಟ್ಟಿ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಇಪ್ಪತ್ತು ವರ್ಷ ಕಳ್ಳನ ಜೊತೆ ಬಾಳಿದೆನೇ ಎಂಬ ಸಂಕಟ ಅವಳನ್ನು ತಿನ್ನುತ್ತಿತ್ತು.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಕಾಂಚನ ಬಂದು ಕಟ್ಟೆಯ ಮೇಲೆ ಕೂತಳು. ಸಾವಿತ್ರವ್ವ ಮನಸ್ಸಿನ ಹುಣ್ಣು ಬಿಚ್ಚಿಟ್ಟಳು. ಕಾಂಚನ ಕೇಳಿಸಿಕೊಂಡು ಕೇಳಿದಳು: "ವೈನಿ, ಅಣ್ಣಾರು ಮೆಣಸಿನಕಾಯಿ ಬಿಡಸ್ತಾರೇನ್ರಿ?"

"ಅವರ? ಹಣ್ಣ ಬಿಡಸ್ರಿ ಅಂದ್ರ ಕಾಯೀನೂ ಬಿಡಸ್ಕೊಂಡ ಬರ್ತಾರ. ಮನಸಿಲ್ಲದ ಕೆಲಸ. ಕಳಸೂದ ಬಿಟ್ಟೇನಿ."

"ಟಮಾಟಿ?"

"ಒತ್ತಿ ನೋಡಿ ಹಣ್ಣ ಅಂತಾರ."

"ಹಂಗಾರ ಅವರು ಸುಳ್ಳ ಹೇಳಿಲ್ಲ ಅನಸ್ತೈತ್ರಿ. ಅವರಿಗೆ ಕೆಂಪು, ಹಸರು ಒಂದ ನಮೂನಿ ಕಾಣ್ತಿರಬೇಕು. ಬಣ್ಣಗುರುಡು ಅಂತಾರ ಇದಕ್ಕ."

"ಕುರುಡ? ಹರದಾರಿ ದೂರದ ತೋಳ ಕಾಣ್ತೈತಿ ಅವರಿಗೆ. ಕಳ್ಳನ ಹೇಂತಿಗೆ ಬೆಣ್ಣಿ ಹಚ್ಚಾಕ ಬಂದೀಯೇನ?"

"ಹೆಸರಷ್ಟ ಕೆಟ್ಟದ್ರಿ, ಕಣ್ಣ ಚಲೋನ ಇರ್ತಾವ. ಹುಟ್ಟಿನಿಂದ ಹಂಗ ಇರೂದಕ್ಕ ಅವರಿಗೂ ಗೊತ್ತಾಗಂಗಿಲ್ಲ. ಎಲ್ಲಾರಿಗೂ ಹಿಂಗ ಕಾಣ್ತೈತಿ ಅಂತ ತಿಳ್ಕೊಂಡಿರ್ತಾರ."

ಸಾವಿತ್ರವ್ವ ನಂಬಲಿಲ್ಲ. ಆದರೂ ವಾರದ ರಜೆಗೆ ಬಂದ ಗಂಡನನ್ನು ಕರೆದುಕೊಂಡು ದವಾಖಾನೆಗೆ ಹೊರಟಳು. ಕಾಂಚನ ತಮ್ಮಣ್ಣನನ್ನೂ ಬಿಡಲಿಲ್ಲ. "ಬರ್ರಿ ಕಾಕಾ, ಕಳ್ಳ ಅಂದವರು ಸಾಕ್ಷೀನೂ ನೋಡಬೇಕಲ್ಲ."

ಗಡಹಿಂಗ್ಲಜದ ದವಾಖಾನೆಯಲ್ಲಿ ಕಣ್ಣಿನ ಡಾಕ್ಟರಮ್ಮ ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಚುಕ್ಕಿಗಳ ನಡುವೆ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದಳು.

"ನಲವತ್ತೈದು," ಎಂದ ತಮ್ಮಣ್ಣ. "ಇದನ್ನ ಕೂಸೂ ಹೇಳ್ತೈತಿ."

ಸಿದ್ದರಾಯ ಪುಟವನ್ನು ಹತ್ತಿರ ತಂದ, ದೂರ ಹಿಡಿದ. "ಬರೇ ಚುಕ್ಕಿ ಅದಾವಲ್ರಿ. ಅಂಕಿ ಎಲ್ಲೈತಿ?" ಇವರೂ ತನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿದ. ಒಂದರ ಹಿಂದೆ ಒಂದು ಪುಟ ತಿರುವಿದರೂ ಅದೇ ಉತ್ತರ.

ಡಾಕ್ಟರಮ್ಮ ಹೇಳಿದಳು: "ನೂರು ಗಂಡಸರೊಳಗ ಮೂರ್ನಾಕು ಮಂದಿಗೆ ಇದು ಇರ್ತೈತಿ. ಹೆಂಗಸರಿಗೆ ಭಾಳ ಕಡಿಮಿ. ತಾಯಿ ಕಡೆಯಿಂದ ಮಗನಿಗೆ ಬರ್ತೈತಿ. ಹೆಚ್ಚಾಗಂಗಿಲ್ಲ, ದೃಷ್ಟಿ ಹೋಗಂಗಿಲ್ಲ. ಔಷಧಾನೂ ಇಲ್ಲ. ಗುಣಾ ಮಾಡ್ತೇನಿ ಅಂದವರನ್ನ ನಂಬಬ್ಯಾಡ್ರಿ."

"ಹಂಗಾರ ನಮ್ಮತ್ತಿ ತಪ್ಪೇನ್ರಿ ಇದು?" ಸಾವಿತ್ರವ್ವ ಕೇಳಿದಳು.

"ಯಾರ ತಪ್ಪೂ ಅಲ್ಲವ್ವ. ಮಗಳ ಅದಾಳೇನ? ಆಕಿಗೆ ಬಣ್ಣ ಕಂಡರೂ, ಮುಂದ ಆಕೀ ಗಂಡಮಕ್ಕಳಿಗೆ ಬರಬಹುದು. ಅವರನ್ನ ಸಣ್ಣವರಿದ್ದಾಗನ ತೋರಸ್ರಿ."

ತಮ್ಮಣ್ಣ ಸಿದ್ದರಾಯನತ್ತ ತಿರುಗಿ ಅಂದ: "ಮೊದಲ ಯಾಕ ಹೇಳಲಿಲ್ಲೋ ಸಿದ್ದ?"

"ಹೇಳಿದ್ನಲ್ಲ, ಕಾಕಾ. ನನಗ ಕಂಡದ್ದನ್ನ ಹೇಳಿದ್ನಿ."

ಸಾವಿತ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಊರು ಬಿಡ್ರಿ, ನಾನರೆ ನಂಬಬೇಕಿತ್ತು" ಎಂದಳು.

ಕಳ್ಳನೆಂದದ್ದು ತಪ್ಪೆಂದು ತಮ್ಮಣ್ಣ ಪಂಚರ ಮುಂದೆ ಒಪ್ಪಿಕೊಂಡ. ಈಗ ಮಹಾಗಾಂವದಲ್ಲಿ ಒಬ್ಬರ ಕುರಿಗೆ ಗುಂಡು ಗುರುತು, ಇನ್ನೊಬ್ಬರದಕ್ಕೆ ಗೆರೆ. ಸಿದ್ದರಾಯನ ಹಿಂಡು ಮಾತ್ರ ತಿರುಗಿ ಬರಲಿಲ್ಲ. ಅವನು ಯಡ್ರಾವದಲ್ಲಿ ಇಂದಿಗೂ ಮೂಟೆ ಹೊರುತ್ತಿದ್ದಾನೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗ ಚಿತ್ರದ ಎಲೆಗೆ ಕಂದು ಬಳಿದರೆ ದಡ್ಡನೆಂದು ಹೊಡೆಯಬೇಡಿ, ಕಣ್ಣಿನ ಡಾಕ್ಟರರ ಬಳಿ ಕರೆದೊಯ್ಯಿರಿ. ಶಾಲೆಗೆ ಕಣ್ಣಿನ ತಪಾಸಣೆಗೆ ಬಂದವರನ್ನು ಚುಕ್ಕಿಯ ಪುಸ್ತಕ ಎಲ್ಲಿ ಎಂದು ಕೇಳಿ, ತಂದಿಲ್ಲವೆಂದರೆ ಇನ್ನೊಮ್ಮೆ ಕರೆಸಿ. ದೊಡ್ಡವರಾದ ಮೇಲೆ ಬಣ್ಣ ಮಂಕಾದರೆ ಅದು ಬೇರೆ ಕಾಯಿಲೆ ಇರಬಹುದು, ತಡ ಮಾಡಬೇಡಿ. ಕೆಲಸ ಕೊಡುವವರೇ, ಬರೀ ಬಣ್ಣದ ಗುರುತು ಸಾಲದು, ಪಕ್ಕದಲ್ಲಿ ಒಂದು ಅಂಕಿ ಬರೆಯಿರಿ. ನ್ಯಾಯ ಹೇಳುವ ಹಿರಿಯರೇ, ನಿಮ್ಮ ಕಣ್ಣೇ ಎಲ್ಲರ ಕಣ್ಣು ಎನ್ನುವ ಸೊಕ್ಕು ಬಿಡಿ. ಈ ತಪಾಸಣೆಗೆ ಐದು ನಿಮಿಷ ಸಾಕು. ಒಂದು ಊರು ಅದನ್ನು ಮನುಷ್ಯನ ಬಾಳು ಮುರಿದ ಮೇಲೆ ಮಾಡಿಸಿತು. ನೀವು ಮೊದಲೇ ಮಾಡಿಸಿ.