ಗಂಧಕವಿಲ್ಲದ ಇದ್ದಿಲು

ಗಾಜಿನ ನಳಿಕೆಯ ತಳದಲ್ಲಿದ್ದ ಇದ್ದಿಲಿನ ಕಾಳುಗಳನ್ನು ಅವಳು ಮತ್ತೊಮ್ಮೆ ಕಾಯಿಸಿದಳು. ಗಂಧಕ ಬೆರೆತ ಇದ್ದಿಲಾಗಿದ್ದರೆ ಈ ಹೊತ್ತಿಗೆ ನಳಿಕೆಯ ತಣ್ಣನೆಯ ಕುತ್ತಿಗೆಗೆ ಹಳದಿ ಪೊರೆ ಕಟ್ಟಬೇಕಿತ್ತು. ಗಾಜು ಬೋಳಾಗಿಯೇ ಇತ್ತು.

ಕಸ ಸುಡುವ ಆ ಕಾರ್ಖಾನೆಯಲ್ಲಿ ಕುಲುಮೆಯ ಹೊಗೆ ಚಿಮಣಿ ಸೇರುವ ಮುನ್ನ ಇದ್ದಿಲು ತುಂಬಿದ ದೊಡ್ಡ ತೊಟ್ಟಿಯೊಂದನ್ನು ಹಾದುಹೋಗುತ್ತದೆ. ಹೊಗೆಯಲ್ಲಿರುವ ಪಾದರಸದ ಆವಿಯನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳಲು ಗಂಧಕ ಬೆರೆಸಿದ ಇದ್ದಿಲೇ ಬೇಕು. ನೀರು ಶುದ್ಧಿಗೆ ತರಿಸುವ ಸಾದಾ ಇದ್ದಿಲೂ ನೋಡಲು ಹಾಗೇ, ಕಪ್ಪು ಕಾಳು. ಅದಕ್ಕೆಂದೇ ತೊಟ್ಟಿಗೆ ಸುರಿಯುವ ಮೊದಲು ಒಂದು ಹಿಡಿ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರಯೋಗಾಲಯದ ಹೊಣೆ ಅವಳದ್ದು. ಕುಲುಮೆ ಅವಳ ಅಣ್ಣನದ್ದು.

ಹೋದ ವಾರ ಹೊಸ ಇದ್ದಿಲು ತುಂಬಿದ ದಿನ ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಅಣ್ಣ ಫೋನು ಮಾಡಿ, ಚೀಲ ಯಾವಾಗಲೂ ಬರೋವೇ, ಪರೀಕ್ಷೆ ನಿನ್ನೆಯೇ ಆಯ್ತು ಅಂತ ಮ್ಯಾನೇಜರಿಗೆ ಫೋನಲ್ಲಿ ಒಂದು ಮಾತು ಹೇಳಿಬಿಡು, ನೀನು ಏಳೋವರೆಗೆ ಕುಲುಮೆ ಆರಿಸಿಕೊಂಡು ಕೂರೋಕಾಗುತ್ತಾ ಎಂದಿದ್ದ. ಬೇರೆ ಯಾರಾದರೂ ಕೇಳಿದ್ದರೆ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನುತ್ತಿದ್ದಳು. ಅಣ್ಣನಲ್ಲವೇ, ಹೇಳಿಬಿಟ್ಟಳು. ಇವತ್ತು ಬೆಳಿಗ್ಗೆ ಚಿಮಣಿಯಲ್ಲಿ ಪಾದರಸ ಮಿತಿ ಮೀರಿತ್ತು. ತೊಟ್ಟಿಗೆ ಸುರಿದು ಮಿಕ್ಕ ಚೀಲದಿಂದ ತಂದ ಕಾಳೇ ಈಗ ನಳಿಕೆಯಲ್ಲಿದ್ದದ್ದು.

ಕರೆದದ್ದಕ್ಕೆ ಅಣ್ಣ ಬಂದು ಸ್ಟೂಲು ಎಳೆದುಕೊಂಡು ಕೂತ. ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ. ಗೋಡೆಯಾಚೆ ಹೊಗೆ ಎಳೆಯುವ ಫ್ಯಾನು ಒಂದೇ ಸಮ ಗುಂಯ್‌ಗುಡುತ್ತಿತ್ತು. ತಾವು ಸುಮ್ಮನಿದ್ದಷ್ಟು ಹೊತ್ತೂ ಊರಿನ ಮೇಲೆ ಏನು ಹೋಗುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ನಿನಗೆ ಕಳಿಸಿದ್ದು ಒಂದು ಚೀಲದ್ದು, ಸುರಿದದ್ದು ಇನ್ನೊಂದು ಅಂತೀನಿ," ಎಂದ ಅಣ್ಣ. "ನಿನ್ನ ಹೆಸರೇ ಬರಲ್ಲ."

"ಅದೂ ಸುಳ್ಳೇ ಅಲ್ವಾ?"

"ಕೆಲಸ ಹೋಗುತ್ತೆ ಕಣೇ."

"ಹೋಗಬಹುದು. ಚಿಕ್ಕಂದಿನಲ್ಲಿ ನಾನು ಒಡೆದದ್ದಕ್ಕೆಲ್ಲ ನೀನೇ ಒದೆ ತಿಂದಿದ್ದೀಯ. ಇದನ್ನಾದ್ರೂ ನನ್ನ ಪಾಲಿಗೆ ಬಿಡು."

ಅವನ ಮುಖದಲ್ಲಿ ನಗು ಬಂದ ಹಾಗಾಗಿ ಅಲ್ಲೇ ನಿಂತಿತು. ಎದ್ದು ಗೋಡೆಯ ಫೋನೆತ್ತಿ, ಕುಲುಮೆಗೆ ಕಸ ಹಾಕುವುದನ್ನು ನಿಲ್ಲಿಸಲು ಹೇಳಿದ. ಆಚೆಯಿಂದ ಯಾಕೆ ಎಂದು ಕೇಳಿರಬೇಕು. ನಾನು ಹೇಳ್ತಿದ್ದೀನಿ, ನಿಲ್ಲಿಸಿ, ಎಂದು ಇಟ್ಟುಬಿಟ್ಟ.

ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ಅವನೇ ಮುಂದಾದ. ಅವಳು ಅವನ ತೋಳು ಹಿಡಿದು ಹಿಂದಕ್ಕೆಳೆದು ತಾನು ಮೊದಲು ಒಳಗೆ ಹೋದಳು.

"ಸರ್, ಹೋದ ವಾರ ಇದ್ದಿಲು ಪರೀಕ್ಷೆ ಮಾಡಿದ್ದೀನಿ ಅಂದಿದ್ದೆ. ಮಾಡಿರಲಿಲ್ಲ."

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾಕೆ ಎಂದು ಅವರಿನ್ನೂ ಕೇಳಿರಲಿಲ್ಲ. ಅವಳ ಪಕ್ಕಕ್ಕೆ ಬಂದು ನಿಂತ ಅಣ್ಣ, "ಹಾಗೆ ಹೇಳು ಅಂದವನು ನಾನು," ಎಂದ.